ಗೈರುಹಾಜರಾದ ಪರೀಕ್ಷೆಗೆ ತೇರ್ಗಡೆಯೆ?

ಶಾಲೆಯ ಫಲಿತಾಂಶದ ಪಟ್ಟಿಯಲ್ಲಿ ಮೂರು ಬಗೆಯ ವಿದ್ಯಾರ್ಥಿಗಳಿರುತ್ತಾರೆ: ತೇರ್ಗಡೆಯಾದವರು, ತೇರ್ಗಡೆಯಾಗದವರು, ಪರೀಕ್ಷೆಗೇ ಬಾರದೆ ಉಳಿದವರು. ಈ ಮೂರನೆಯವರನ್ನು ಮೊದಲನೆಯವರ ಸಾಲಿಗೆ ಸೇರಿಸುವ ಶಾಲೆಯನ್ನು ನಾವು ಕಂಡಿಲ್ಲ. 'ಹುಡುಗ ಒಂದು ಉತ್ತರವನ್ನೂ ತಪ್ಪಾಗಿ ಬರೆಯಲಿಲ್ಲವಷ್ಟೆ. ಆದುದರಿಂದ ಉತ್ತೀರ್ಣನೆಂದು ಬರೆಯಿರಿ' ಎಂದು ಉಪಾಧ್ಯಾಯರೊಬ್ಬರು ವಾದಿಸಿದರೆ ಕೇಳಿದವರು ನಗುವರು. ಆದರೆ ಇಂದು ಬ್ಯಾಂಕಿನ ಲೆಕ್ಕವನ್ನೂ ರೈಲಿನ ಟಿಕೆಟನ್ನೂ ಆಸ್ಪತ್ರೆಯ ದಾಖಲೆಯನ್ನೂ ನೋಡಿಕೊಳ್ಳುತ್ತಿರುವ ತಂತ್ರಾಂಶಗಳ ತಯಾರಿಕೆಯಲ್ಲಿ ಇದೇ ವಾದವು ಸದ್ದಿಲ್ಲದೆ ಗೆಲ್ಲುವುದುಂಟು. ಅದು ಹೇಗೆ ಗೆಲ್ಲುತ್ತದೆ, ಅದನ್ನು ಏಕೆ ಗೆಲ್ಲಗೊಡಬಾರದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಿಷಯದ ಪರಿಚಯ ಮಾಡಿಕೊಳ್ಳೋಣ. ದೊಡ್ಡ ತಂತ್ರಾಂಶವೊಂದನ್ನು ಹತ್ತಾರು, ಕೆಲವು ಸಲ ನೂರಾರು ಮಂದಿ ಏಕಕಾಲದಲ್ಲಿ ಬರೆಯುತ್ತಾರೆ. ಅವರು ತಮ್ಮ ತಮ್ಮ ಭಾಗಗಳನ್ನು ತಿಂಗಳುಗಟ್ಟಲೆ ಬೇರೆಯಾಗಿ ಬರೆದಿಟ್ಟು, ಕಡೆಯಲ್ಲಿ ಒಮ್ಮೆಗೇ ಕೂಡಿಸಹೊರಟರೆ ಒಂದಕ್ಕೊಂದು ಹೊಂದುವುದಿಲ್ಲ. ಈ ತೊಡಕಿನ ನಿವಾರಣೆಗೆ ಹುಟ್ಟಿದ ಪದ್ಧತಿಗೆ 'ಕಂಟಿನ್ಯುಯಸ್ ಇಂಟಿಗ್ರೇಷನ್' ಎಂದು ಹೆಸರು. ನಾವು ಇದನ್ನು 'ನಿರಂತರ ಸಂಯೋಜನೆ' ಎನ್ನೋಣ. ಬರೆದುದನ್ನು ದಿನಕ್ಕೊಮ್ಮೆಯಾದರೂ ಮೂಲಪ್ರತಿಗೆ ಸೇರಿಸಬೇಕು. ಸೇರಿಸುವಾಗಲೆಲ್ಲ ಯಂತ್ರವೇ ಇಡೀ ತಂತ್ರಾಂಶವನ್ನು ಕಟ್ಟಿ, ಪರೀಕ್ಷೆಗಳನ್ನು ನಡೆಸಿ, ಫಲವನ್ನು ಹೇಳಬೇಕು. ಪದ್ಧತಿಯ ಸಾರವು ಇಷ್ಟೇ. ಗ್ರೇಡಿ ಬೂಚ್ 1991ರಲ್ಲಿಯೇ ಈ ಹೆಸರನ್ನು ಬಳಸಿದರು. ಕೆಂಟ್ ಬೆಕ್ 1999ರಲ್ಲಿ ಪ್ರಕಟಿಸಿದ ಗ್ರಂಥವೂ, ಮಾರ್ಟಿನ್ ಫೌಲರ್ ಮತ್ತು ಮ್ಯಾಥ್ಯೂ ಫೊಮೆಲ್ 2000ರಲ್ಲಿ ಬರೆದ ಪ್ರಬಂಧವೂ ಪದ್ಧತಿಗೆ ಪ್ರಚಾರವನ್ನು ತಂದುವು. 2001ರಲ್ಲಿ 'ಕ್ರೂಸ್ ಕಂಟ್ರೋಲ್' ಬಂದಿತು. ಅನಂತರ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಕೊಹ್ಸುಕೆ ಕವಾಗುಚಿ ಅವರ 'ಹಡ್ಸನ್' ಬಂದಿತು. ಇದೇ 2011ರಲ್ಲಿ 'ಜೆಂಕಿನ್ಸ್' ಎಂಬ ಹೆಸರನ್ನು ತಾಳಿತು. 2019ರಲ್ಲಿ ಗಿಟ್‌ಹಬ್ ಸಂಸ್ಥೆಯೂ 'ಆಕ್ಷನ್ಸ್' ಎಂಬ ಸೇವೆಯ ಮೂಲಕ ಇದನ್ನು ಎಲ್ಲರ ಕೈಗೂ ಒದಗಿಸಿತು.

ಯಂತ್ರವು ಯಾವ ಕೆಲಸವನ್ನು ಯಾವುದರ ಅನಂತರ ಮಾಡಬೇಕೆಂಬುದನ್ನು ಬರೆದಿಡುವ ಕಡತವೊಂದು ಇರುತ್ತದೆ. ಕೆಲಸಗಳ ಈ ಸಾಲಿಗೆ 'ಪೈಪ್‌ಲೈನ್' ಎಂದು ಹೆಸರು. ಮೊದಮೊದಲು ಕಡತವು ಬಲು ಸರಳವಾಗಿರುತ್ತದೆ: ಕಟ್ಟು, ಪರೀಕ್ಷಿಸು, ಹೊರಗೆ ಕಳುಹಿಸು. ದಿನ ಕಳೆದಂತೆ ಅದರೊಳಗೆ ಷರತ್ತುಗಳು ಬಂದು ಸೇರುತ್ತವೆ. 'ಬದಲಾವಣೆಯು ಮುಖ್ಯ ಶಾಖೆಯಲ್ಲಾಗಿದ್ದರೆ ಮಾತ್ರ ಹೊರಗೆ ಕಳುಹಿಸು'. 'ಕೈಪಿಡಿಯ ಪುಟಗಳು ಮಾತ್ರ ಬದಲಾಗಿದ್ದರೆ ಪರೀಕ್ಷೆಯನ್ನು ಬಿಡು'. 'ಹೊರಗಿನವರು ಕಳುಹಿಸಿದ ತಿದ್ದುಪಡಿಯಾದರೆ ಗುಪ್ತ ಸಂಕೇತಗಳನ್ನು ಬಳಸಬೇಡ'. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ನ್ಯಾಯವಾದ ಕಾರಣವಿದೆ.

ಷರತ್ತು ಎಂಬುದೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದ 'ಮೇಕ್' ಎಂಬ ಸಾಧನದ ಜೀವಾಳವೇ ಒಂದು ಷರತ್ತು: ಮೂಲವು ಸಿದ್ಧವಸ್ತುವಿಗಿಂತ ಹೊಸದಾಗಿದ್ದರೆ ಮಾತ್ರ ಮರಳಿ ಕಟ್ಟು, ಇಲ್ಲವಾದರೆ ಸುಮ್ಮನಿರು. ಇದರಿಂದ ಕಂಪ್ಯೂಟರಿನ ಎಷ್ಟೋ ಕಾಲ ಉಳಿಯಿತು. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೇಕ್ ಕೇಳುವ ಪ್ರಶ್ನೆ ವಸ್ತುಸ್ಥಿತಿಯನ್ನು ಕುರಿತದ್ದು: ಇದು ಅದನ್ನು ಅವಲಂಬಿಸಿದೆಯೆ? ಅದು ಬದಲಾಗಿದೆಯೆ? ಇಂದಿನ ಕಡತಗಳ ಅನೇಕ ಷರತ್ತುಗಳು ಕೇಳುವುದಾದರೋ ಮನುಷ್ಯನ ಊಹೆಯನ್ನು: ಇದು ಬದಲಾದರೆ ಅದಕ್ಕೆ ಹಾನಿಯಾಗಲಾರದಲ್ಲವೆ? ಇವೆರಡರ ಅಂತರವೇ ನಮ್ಮ ವಾದದ ಬುನಾದಿ.

ಉದಾಹರಣೆಗೆ, ಕೈಪಿಡಿಯ ಪುಟಗಳಿರುವ ಒಂದು ಕೋಶವನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಏನು ಬದಲಾದರೂ ಪರೀಕ್ಷೆ ಬೇಡವೆಂದು ಒಬ್ಬರು ಷರತ್ತು ಬರೆಯುತ್ತಾರೆ. ಆ ದಿನಕ್ಕೆ ಅದು ಸರಿಯೇ. ಎರಡು ವರ್ಷಗಳ ಮೇಲೆ ಮತ್ತೊಬ್ಬರು ತೆರಿಗೆಯ ದರಗಳ ಒಂದು ಪಟ್ಟಿಯನ್ನು ಅದೇ ಕೋಶದಲ್ಲಿಟ್ಟು, ಕೈಪಿಡಿಯೂ ಪ್ರೋಗ್ರಾಮೂ ಅದನ್ನೇ ಓದುವಂತೆ ಏರ್ಪಡಿಸುತ್ತಾರೆ, ಇದೂ ಸರಿಯೇ. ಮೂರನೆಯವರು ಪಟ್ಟಿಯ ಒಂದು ಅಂಕಿಯನ್ನು ತಪ್ಪಾಗಿ ತಿದ್ದುತ್ತಾರೆ. ಆ ತಪ್ಪನ್ನು ಹಿಡಿಯಬಲ್ಲ ಪರೀಕ್ಷೆಯು ಸಿದ್ಧವಾಗಿಯೇ ಇದೆ. ಆದರೆ ಅದನ್ನು ಯಾರೂ ಕರೆಯಲಿಲ್ಲ. ತಿದ್ದುಪಡಿ ಒಳಗೆ ಸೇರುತ್ತದೆ, ಜನರ ಲೆಕ್ಕ ತಪ್ಪುತ್ತದೆ. ಮೊದಲಿಬ್ಬರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಹಳೆಯ ಊಹೆಯೊಂದು ಹೊಸ ಕಾಲದಲ್ಲಿಯೂ ಆಜ್ಞೆಯಾಗಿ ಉಳಿದದ್ದೇ ಅನರ್ಥಕ್ಕೆ ದಾರಿ ಮಾಡಿತು.

ಪರೀಕ್ಷೆ ನಡೆಯಲಿಲ್ಲವೆಂಬ ಸಂಗತಿಯಾದರೂ ಎದ್ದುಕಾಣುವುದಿಲ್ಲವೆ ಎಂದು ವಾಚಕರು ಕೇಳಬಹುದು. ವಿಚಿತ್ರವಿರುವುದು ಇಲ್ಲಿಯೇ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಷರತ್ತಿನ ಕಾರಣದಿಂದ ಒಂದು ಕೆಲಸವು ನಡೆಯದೆ ಹೋದರೆ, ಪರದೆಯ ಮೇಲೆ ಬೂದುಬಣ್ಣದ ಗುರುತು ಕಾಣುತ್ತದೆ, ನಿಜ. ಆದರೆ ತಿದ್ದುಪಡಿಯನ್ನು ಮೂಲಪ್ರತಿಗೆ ಸೇರಿಸಬಹುದೇ ಎಂದು ನಿರ್ಣಯಿಸುವ ದ್ವಾರದಲ್ಲಿ ಆ ಕೆಲಸವು 'ಸಫಲ' ಎಂದೇ ಎಣಿಕೆಗೆ ಬರುತ್ತದೆ. ಅದು ಕಡ್ಡಾಯ ಪರೀಕ್ಷೆಯಾಗಿದ್ದರೂ ದ್ವಾರ ತೆರೆಯುತ್ತದೆ. ಇದು ಗುಟ್ಟೇನೂ ಅಲ್ಲ. ಸಂಸ್ಥೆಯ ಕೈಪಿಡಿಯಲ್ಲಿಯೇ ಬರೆದಿದೆ. ಗಿಟ್‌ಲ್ಯಾಬ್‌ನ ಕ್ರಮ ಬೇರೆ: ಅಲ್ಲಿ ಒಂದು ಕೆಲಸಕ್ಕೆ ಬರೆದ ನಿಯಮಗಳನ್ನು ಒಂದೊಂದಾಗಿ ನೋಡಲಾಗುತ್ತದೆ, ಮೊದಲು ಹೊಂದಿದ ನಿಯಮವೇ ಅಂತಿಮ, ಯಾವುದೂ ಹೊಂದದಿದ್ದರೆ ಕೆಲಸವು ಸಾಲಿಗೇ ಸೇರುವುದಿಲ್ಲ. ಅಂದರೆ ಒಂದು ಕಡೆ ಗೈರುಹಾಜರಾದವನಿಗೆ ತೇರ್ಗಡೆ. ಇನ್ನೊಂದು ಕಡೆ ಹಾಜರಿಯ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ.

'ನಡೆಯಲಿಲ್ಲ' ಎಂಬುದನ್ನು 'ಗೆದ್ದಿತು' ಎಂದು ಓದಿದುದರಿಂದ ಎಂತಹ ಅಪಾಯ ಒದಗಬಹುದೆಂಬುದಕ್ಕೆ 2014ರ ಒಂದು ಪ್ರಸಂಗ ಸಾಕ್ಷಿಯಾಗಿದೆ. ಆಪಲ್ ಸಂಸ್ಥೆಯ ಫೋನು ಮತ್ತು ಕಂಪ್ಯೂಟರುಗಳಲ್ಲಿ, ದೂರದ ಸರ್ವರಿನೊಡನೆ ಗುಪ್ತವಾಗಿ ಮಾತನಾಡುವ ಮೊದಲು ಅದರ ಸಹಿಯು ನಿಜವೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಭಾಗವೊಂದಿತ್ತು. ಅದರಲ್ಲಿ ಹಲವು ಪರೀಕ್ಷೆಗಳು ಒಂದರ ಕೆಳಗೊಂದು ಇದ್ದುವು: ಇದು ತಪ್ಪಾದರೆ ಕೊನೆಗೆ ಹಾರು, ಅದು ತಪ್ಪಾದರೆ ಕೊನೆಗೆ ಹಾರು, ಹೀಗೆ. ಒಂದು ಕಡೆ 'ಗೋಟು ಫೇಲ್' ಎಂಬ ಹಾರುವ ಆಜ್ಞೆಯ ಸಾಲು ಎರಡು ಸಲ ಬಿದ್ದಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟಿತ್ತು. ಎರಡನೆಯದು ಒಳಪಟ್ಟಂತೆ ಕಾಣುತ್ತಿತ್ತು, ಆದರೆ ಇರಲಿಲ್ಲ. ಆದುದರಿಂದ ಪ್ರೋಗ್ರಾಂ ಪ್ರತಿಸಲವೂ ಉಳಿದ ಪರೀಕ್ಷೆಗಳನ್ನು ಬಿಟ್ಟು ಕೊನೆಗೆ ಹಾರುತ್ತಿತ್ತು. ಆವರೆಗೆ ಯಾವ ತಪ್ಪೂ ದಾಖಲಾಗಿರಲಿಲ್ಲವಾದ್ದರಿಂದ 'ಎಲ್ಲವೂ ಸರಿ' ಎಂಬ ಉತ್ತರವೇ ಹೊರಬೀಳುತ್ತಿತ್ತು. ಸಹಿಯ ಪರಿಶೀಲನೆಯೇ ನಡೆಯಲಿಲ್ಲ. ಫಲಿತಾಂಶ ಮಾತ್ರ ತೇರ್ಗಡೆ. ನಡುದಾರಿಯಲ್ಲಿ ಕುಳಿತ ವಂಚಕನು ಬ್ಯಾಂಕಿನ ಸೋಗು ಹಾಕಲು ಇದರಿಂದ ಅವಕಾಶವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ದೋಷವನ್ನು ತಿದ್ದಲಾಯಿತು. ಇದು ಪೈಪ್‌ಲೈನಿನ ಕಡತವಲ್ಲ, ಪ್ರೋಗ್ರಾಮಿನ ಒಂದು ಭಾಗ. ಆದರೆ ರೋಗ ಒಂದೇ. ತಪ್ಪು ಕಾಣದಿರುವುದನ್ನು ಸರಿಯೆಂಬುದಕ್ಕೆ ಪ್ರಮಾಣವೆಂದು ಎಣಿಸಿದುದೇ ಆ ರೋಗ.

ಪೈಪ್‌ಲೈನಿನಲ್ಲಿ ಈ ರೋಗವು ಇನ್ನೂ ಸೋಜಿಗದ ರೂಪವನ್ನು ತಾಳುತ್ತದೆ. ಹತ್ತು ಪರೀಕ್ಷೆಗಳಿರುವಾಗ, ಅವೆಲ್ಲ ಮುಗಿದ ಮೇಲೆ ನಡೆಯುವ ಒಂದು ಕಾವಲಿನ ಕೆಲಸವನ್ನು ಬರೆದು, ದ್ವಾರದಲ್ಲಿ ಅದೊಂದನ್ನೇ ಕಡ್ಡಾಯ ಮಾಡುವುದು ವಾಡಿಕೆ. ಗಿಟ್‌ಹಬ್‌ನಲ್ಲಿ ಒಂದು ಕೆಲಸ ಸೋತರೆ ಅದನ್ನು ನೆಚ್ಚಿಕೊಂಡಿರುವ ಮುಂದಿನ ಕೆಲಸಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಈಗ ಯೋಚಿಸಿ: ಪರೀಕ್ಷೆಯೊಂದು ಸೋತಿತು, ಆದುದರಿಂದ ಕಾವಲಿನ ಕೆಲಸವು ನಡೆಯಲಿಲ್ಲ, ನಡೆಯದ ಕೆಲಸ ಸಫಲವೆಂಬ ಲೆಕ್ಕ, ಆದುದರಿಂದ ದ್ವಾರ ತೆರೆಯಿತು! ಕಳ್ಳ ಬಂದ ರಾತ್ರಿಯೇ ಕಾವಲುಗಾರನಿಗೆ ರಜೆ ಸಿಕ್ಕಂತಾಯಿತು. ಇದನ್ನು ತಪ್ಪಿಸಲು ಕಾವಲಿನ ಕೆಲಸಕ್ಕೆ 'ಆಲ್ವೇಸ್' ಎಂಬ ಷರತ್ತನ್ನು, ಎಂದರೆ ಏನೇ ಆದರೂ ನಡೆಯತಕ್ಕದ್ದೆಂಬ ಮಾತನ್ನು, ಬರೆಯಬೇಕೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ಓದದವರ ಪೈಪ್‌ಲೈನು ಎಲ್ಲವೂ ಗೆಲ್ಲುವ ದಿನಗಳಲ್ಲಿ ಸರಿಯಾಗಿಯೇ ಕಾಣುತ್ತದೆ. ಸೋಲು ಬಂದ ದಿನ ಮಾತ್ರ ಕೈಕೊಡುತ್ತದೆ.

ಷರತ್ತುಗಳನ್ನು ಬರೆಯುವವರು ಇನ್ನಷ್ಟು ಎಚ್ಚರದಿಂದ ಬರೆದರೆ ಸಾಲದೆ? ಸಾಲದೆಂದೇ ನಮ್ಮ ಅಭಿಪ್ರಾಯ. ತರ್ಕವು ನೋಡಲು ಸುಲಭ, ನಡೆಸಲು ಕಷ್ಟ. ಜಾರ್ಜ್ ಬೂಲ್ ಮತ್ತು ಆಗಸ್ಟಸ್ ಡಿ ಮಾರ್ಗನ್ 1847ರಲ್ಲಿ ತರ್ಕವನ್ನು ಗಣಿತದ ರೂಪಕ್ಕೆ ತರುವ ಗ್ರಂಥಗಳನ್ನು ಪ್ರಕಟಿಸಿದರು. ಡಿ ಮಾರ್ಗನ್ ಹುಟ್ಟಿದ್ದು ನಮ್ಮ ನೆರೆಯ ಮಧುರೆಯಲ್ಲಿ, 1806ರಲ್ಲಿ. ಅವರ ಹೆಸರಿನ ನಿಯಮವು 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಪದಗಳ ಸಂಬಂಧವನ್ನು ತಿಳಿಸುತ್ತದೆ. ಅಂಗಡಿಯವನೊಬ್ಬನು 'ಸೋಮವಾರವಲ್ಲದಿದ್ದರೆ ಅಥವಾ ಗುರುವಾರವಲ್ಲದಿದ್ದರೆ ಅಂಗಡಿ ತೆರೆದಿರುತ್ತದೆ' ಎಂದು ಹಲಗೆ ತೂಗುಹಾಕಿದನೆನ್ನೋಣ. ಎರಡು ದಿನ ರಜೆಯೆಂಬುದು ಅವನ ಮನಸ್ಸಿನಲ್ಲಿದೆ. ಆದರೆ ಸೋಮವಾರವು ಗುರುವಾರವಲ್ಲ, ಗುರುವಾರವು ಸೋಮವಾರವಲ್ಲ. ಹಲಗೆಯ ಮಾತಿನಂತೆ ಅಂಗಡಿಗೆ ಒಂದು ದಿನವೂ ರಜೆಯಿಲ್ಲ. ಅವನು ಹೇಳಬೇಕಾಗಿದ್ದುದು 'ಮತ್ತು'. 'ಶಾಖೆಯು ಮುಖ್ಯವಲ್ಲದಿದ್ದರೆ ಅಥವಾ ಬಿಡುಗಡೆಯದಲ್ಲದಿದ್ದರೆ' ಎಂದು ಕಡತದಲ್ಲಿ ಬರೆಯುವುದೂ ಇದೇ ತಪ್ಪು. ಆ ಷರತ್ತು ಸದಾ ಸತ್ಯ. ಮನುಷ್ಯನು ಓದುವಾಗ ಅಂಗಡಿಯವನ ಮನಸ್ಸನ್ನು ಅರಿತುಕೊಳ್ಳುತ್ತಾನೆ. ಯಂತ್ರವು ಹಲಗೆಯನ್ನು ಮಾತ್ರ ಓದುತ್ತದೆ.

ಇದರ ಮೇಲೆ ಭಾಷೆಯ ತೊಂದರೆ ಬೇರೆ. ಇಂತಹ ಕಡತಗಳನ್ನು ಹೆಚ್ಚಾಗಿ 'ಯಾಮಲ್' ಎಂಬ ರೂಪದಲ್ಲಿ ಬರೆಯುತ್ತಾರೆ. 2001ರಲ್ಲಿ ಹುಟ್ಟಿದ ಇದು ಮಾಹಿತಿಯನ್ನು ಬರೆದಿಡುವುದಕ್ಕಾಗಿ ರೂಪುಗೊಂಡದ್ದೇ ಹೊರತು ತರ್ಕವನ್ನು ನಡೆಸುವುದಕ್ಕಾಗಿ ಅಲ್ಲ. ಅದರ ಹಳೆಯ ಆವೃತ್ತಿಯ ಪ್ರಕಾರ, ನಾರ್ವೆ ದೇಶದ 'ಎನ್‌ಓ' ಎಂಬ ಎರಡಕ್ಷರದ ಸಂಕೇತವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ 'ನೋ', ಎಂದರೆ 'ಇಲ್ಲ', ಎಂಬ ಅರ್ಥವಾಗುತ್ತಿತ್ತು. 2009ರ ಆವೃತ್ತಿಯಲ್ಲಿ ಇದನ್ನು ಕೈಬಿಟ್ಟರೂ ಹಳೆಯ ಕ್ರಮದಲ್ಲಿ ಓದುವ ಸಾಧನಗಳು ಉಳಿದುವು. ಪೈಥಾನ್ ಭಾಷೆಯ 3.10ನೆಯ ಆವೃತ್ತಿ 2021ರಲ್ಲಿ ಬಂದಾಗ, ಚಿಹ್ನೆಯಿಲ್ಲದೆ ಬರೆದ ಆ ಅಂಕಿಯನ್ನು ಯಂತ್ರಗಳು ದಶಮಾಂಶವೆಂದು ತಿಳಿದು 3.1 ಎಂದು ಓದಿದುವು. ಗಿಟ್‌ಹಬ್‌ನ ಕಡತಗಳಲ್ಲಿ ಒಂದು ಹಂತವು ಮುಂದಿನದಕ್ಕೆ ಕೊಡುವ ಉತ್ತರವೆಲ್ಲ ಬರಿಯ ಅಕ್ಷರಗಳ ಸಾಲು. ಖಾಲಿಯಲ್ಲದ ಸಾಲು ಯಾವುದಾದರೂ ಸತ್ಯವೇ. ಆದುದರಿಂದ 'ಮಿಥ್ಯೆ' ಎಂದು ಉತ್ತರ ಬಂದಿದ್ದರೂ ಅದನ್ನು ಹೋಲಿಸಿ ನೋಡದೆ ಷರತ್ತಿನಲ್ಲಿಟ್ಟರೆ, ಯಂತ್ರಕ್ಕೆ ಅದು ಸತ್ಯ! ಸಾಲದುದಕ್ಕೆ ಇಂತಹ ಕಡತವನ್ನು ನಮ್ಮ ಮೇಜಿನ ಯಂತ್ರದಲ್ಲಿ ಪೂರ್ಣವಾಗಿ ನಡೆಸಿ ನೋಡುವುದು ಕಷ್ಟ. ಕಳುಹಿಸಿ, ಕಾದು, ಫಲವನ್ನು ಕಂಡೇ ತಿಳಿಯಬೇಕು.

ಎಣಿಕೆಯನ್ನೂ ಮರೆಯುವಂತಿಲ್ಲ. ಪರಸ್ಪರ ಸಂಬಂಧವಿಲ್ಲದ ಒಂದು ಷರತ್ತಿಗೆ ದಾರಿಗಳು ಎರಡು, ಎರಡಕ್ಕೆ ನಾಲ್ಕು, ಹತ್ತಕ್ಕೆ 1,024, ಇಪ್ಪತ್ತಕ್ಕೆ 10,48,576. ಥಾಮಸ್ ಮೆಕೇಬ್ 1976ರಲ್ಲಿ ಪ್ರೋಗ್ರಾಮಿನ ತೊಡಕನ್ನು ಅಳೆಯುವ ಕ್ರಮವೊಂದನ್ನು ತಿಳಿಸಿ, ಒಂದು ಘಟಕದಲ್ಲಿ ಆ ಅಳತೆ ಹತ್ತನ್ನು ಮೀರಬಾರದೆಂದು ಸೂಚಿಸಿದರು. ಪ್ರೋಗ್ರಾಮಿಗೆ ಈ ಶಿಸ್ತನ್ನು ವಿಧಿಸುವ ನಾವು, ಪ್ರೋಗ್ರಾಮನ್ನು ಪರೀಕ್ಷಿಸುವ ಕಡತಕ್ಕೆ ಯಾವ ಶಿಸ್ತನ್ನೂ ವಿಧಿಸದಿರುವುದು ನ್ಯಾಯವೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಬೆಳೆಯನ್ನು ಕಾಯುವವರಾರು?

ಇದಕ್ಕೆ ಪ್ರತಿವಾದವುಂಟು, ಅದು ಹಗುರವಾದುದಲ್ಲ. ಪ್ರತಿಯೊಂದು ತಿದ್ದುಪಡಿಗೂ ಎಲ್ಲ ಪರೀಕ್ಷೆಗಳನ್ನೂ ನಡೆಸಿದರೆ ಗಂಟೆಗಟ್ಟಲೆ ಹಿಡಿಯಬಹುದು. ಯಂತ್ರಕಾಲಕ್ಕೆ ನಿಮಿಷದ ಲೆಕ್ಕದಲ್ಲಿ ಹಣ ತೆರಬೇಕಾಗಬಹುದು. ಕಾದು ಬೇಸತ್ತವರು ಪದ್ಧತಿಯನ್ನೇ ಬಿಟ್ಟಾರು. ಕೆಂಟ್ ಬೆಕ್ ಅವರು ತಮ್ಮ ಗ್ರಂಥದ 2004ರ ಆವೃತ್ತಿಯಲ್ಲಿ, ಕಟ್ಟುವುದೂ ಪರೀಕ್ಷಿಸುವುದೂ ಹತ್ತು ನಿಮಿಷಗಳಲ್ಲಿ ಮುಗಿಯಬೇಕೆಂದು ಹೇಳಿದುದು ಈ ಕಾರಣದಿಂದಲೇ. ಹಾಗೆಯೇ, ಬಿಟ್ಟ ಕೆಲಸವನ್ನು ಸಫಲವೆಂದು ಎಣಿಸದೆ 'ಬಾಕಿ' ಎಂದು ಎಣಿಸಿದರೂ ಕಷ್ಟವೇ. ಗಿಟ್‌ಹಬ್‌ನಲ್ಲಿ ಕೋಶದ ಹೆಸರನ್ನು ನೋಡಿ ಇಡೀ ಕಾರ್ಯಕ್ರಮವನ್ನೇ ಬಿಟ್ಟರೆ ಕಡ್ಡಾಯ ಪರೀಕ್ಷೆ ಬಾಕಿಯಾಗಿಯೇ ನಿಂತು ದ್ವಾರ ಮುಚ್ಚಿರುತ್ತದೆ. ಆಗ ಜನರು ಅದೇ ಹೆಸರಿನ, ಏನನ್ನೂ ಮಾಡದೆ ಗೆದ್ದೆನೆನ್ನುವ ಮತ್ತೊಂದು ಕೆಲಸವನ್ನು ಬರೆದು ದಾರಿ ಬಿಡಿಸಿಕೊಳ್ಳುತ್ತಾರೆ. ಇದು ಪರೀಕ್ಷೆಗೆ ಬೇರೊಬ್ಬನನ್ನು ಕೂರಿಸಿದಂತೆ.

ಆದುದರಿಂದ ಷರತ್ತುಗಳನ್ನು ಕಿತ್ತೊಗೆಯಿರೆಂದು ನಾವು ಹೇಳುತ್ತಿಲ್ಲ. ಎರಡು ಬಗೆಯ ಷರತ್ತುಗಳನ್ನು ಬೇರೆಬೇರೆಯಾಗಿ ಕಾಣಬೇಕೆನ್ನುತ್ತೇವೆ. ಸಿದ್ಧವಾದುದನ್ನು ಎಲ್ಲಿಗೆ, ಯಾವಾಗ ಕಳುಹಿಸಬೇಕೆಂಬ ಷರತ್ತು ಒಂದು ಬಗೆ. ಇದು ಕಡತದಲ್ಲಿ ಇರತಕ್ಕದ್ದೇ. ಆದರೆ 'ಇಂಥದ್ದಲ್ಲದಿದ್ದರೆ' ಎಂದು ಬರೆಯದೆ 'ಇಂಥದ್ದಾದರೆ ಮಾತ್ರ' ಎಂದು ಬರೆಯಬೇಕು. ಆಗ ಎಣಿಸದ ಸಂದರ್ಭ ಒದಗಿದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಪರೀಕ್ಷೆಯನ್ನು ನಡೆಸಬೇಕೇ ಬಿಡಬೇಕೇ ಎಂಬ ಷರತ್ತು ಎರಡನೆಯ ಬಗೆ. ಇದನ್ನು ಕಡತದ ಮೂಲೆಮೂಲೆಗಳಲ್ಲಿ ಊಹೆಯಿಂದ ಚೆಲ್ಲಬಾರದು. ಯಾವುದು ಯಾವುದನ್ನು ಅವಲಂಬಿಸಿದೆಯೆಂಬ ಲೆಕ್ಕದಿಂದ, ಒಂದೇ ಸ್ಥಳದಲ್ಲಿ, ಸಾಮಾನ್ಯ ಪ್ರೋಗ್ರಾಮಿನ ರೂಪದಲ್ಲಿ ಬರೆಯಬೇಕು; ಆ ಪ್ರೋಗ್ರಾಮಿಗೂ ಪರೀಕ್ಷೆಗಳಿರಬೇಕು. 2015ರಲ್ಲಿ ಗೂಗಲ್ ಸಂಸ್ಥೆ ಎಲ್ಲರ ಬಳಕೆಗೂ ತೆರೆದಿಟ್ಟ 'ಬೇಜಲ್' ಎಂಬ ಸಾಧನವು ಅವಲಂಬನೆಯ ಲೆಕ್ಕದಿಂದಲೇ ನಡೆಯುತ್ತದೆ. ಸಣ್ಣ ತಂಡಗಳಿಗೆ ಅಷ್ಟು ದೊಡ್ಡ ಸಾಧನ ಬೇಕಿಲ್ಲ. ನಿರ್ಣಯವು ಒಂದೆಡೆ ಇದ್ದು ಓದಿದವರಿಗೆ ತಿಳಿಯುವಂತಿದ್ದರೆ ಸಾಕು.

ಇನ್ನು ಮೂರು ಮಾತು. ಕಾವಲಿನ ಕೆಲಸವು ಏನೇ ಆದರೂ ನಡೆಯತಕ್ಕದ್ದು. ಅದು 'ಸೋತವರು ಯಾರಾದರೂ ಇದ್ದೀರಾ?' ಎಂದು ಕೇಳದೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು 'ನೀನು ಗೆದ್ದೆಯಾ?' ಎಂದು ಕೇಳತಕ್ಕದ್ದು. ಬಿಟ್ಟ ಪರೀಕ್ಷೆಯನ್ನು, ಬಿಟ್ಟ ಕಾರಣವು ದಾಖಲಾಗಿದ್ದರೆ ಮಾತ್ರ ಒಪ್ಪತಕ್ಕದ್ದು. ಇದು ಮೊದಲನೆಯದು. ದಿನಕ್ಕೊಮ್ಮೆ, ರಾತ್ರಿಯ ಹೊತ್ತಾದರೂ, ಯಾವ ಷರತ್ತೂ ಇಲ್ಲದೆ ಎಲ್ಲ ಪರೀಕ್ಷೆಗಳನ್ನೂ ನಡೆಸಬೇಕು. ಹಗಲಲ್ಲಿ ಬಿಟ್ಟ ಪರೀಕ್ಷೆ ರಾತ್ರಿಯಲ್ಲಿ ಸೋತರೆ ಪ್ರೋಗ್ರಾಮನ್ನಷ್ಟೇ ಅಲ್ಲದೆ ಬಿಡಲು ಹೇಳಿದ ಷರತ್ತನ್ನೂ ತಿದ್ದಬೇಕು. ಇದು ಎರಡನೆಯದು. ಆಗಾಗ ಬೇಕೆಂದೇ ಒಂದು ಪರೀಕ್ಷೆಯನ್ನು ಸೋಲಿಸಿ, ದ್ವಾರ ನಿಜವಾಗಿ ಮುಚ್ಚುವುದೇ ಎಂದು ನೋಡಬೇಕು. ಇದು ಮೂರನೆಯದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ನಮ್ಮ ಬೆಂಗಳೂರಿನಲ್ಲಿ ಈ ಕಸುಬನ್ನು ನೆಚ್ಚಿದವರು ಬಹು ಮಂದಿ. ಅವರು ಪರದೆಯ ಹಸಿರು ಗುರುತನ್ನು ನೋಡಿ ಕೆಲಸ ಮುಗಿಯಿತೆಂದು ಏಳುವಾಗ, ಅವರನ್ನು ನಂಬಿ ಹಣವನ್ನೂ ಆರೋಗ್ಯವನ್ನೂ ಒಪ್ಪಿಸಿದ, ಆ ಗುರುತನ್ನು ಕಣ್ಣಿನಿಂದಲೂ ಕಾಣದ ಜನರು ಹೊರಗಿದ್ದಾರೆ. ಹಸಿರು ಗುರುತೆಂಬುದು ಒಂದು ಪ್ರಮಾಣವಚನ: 'ಪರೀಕ್ಷಿಸಿದೆವು, ಸರಿಯಾಗಿದೆ' ಎಂದು ಅದರ ಅರ್ಥ. 'ಪರೀಕ್ಷಿಸಲಿಲ್ಲ, ಆದುದರಿಂದ ತಪ್ಪು ಕಾಣಲಿಲ್ಲ' ಎಂಬ ಅರ್ಥವೂ ಅದಕ್ಕೆ ಸೇರಿಕೊಂಡರೆ ಗುರುತಿಗೆ ಬೆಲೆಯುಳಿಯದು. ಬಿಡಬೇಕಾದುದನ್ನು ಬಿಡೋಣ, ಆದರೆ ಬಿಟ್ಟೆವೆಂದು ಬರೆದಿಡೋಣ. ಸತ್ಯ, ಮಿಥ್ಯೆ ಎಂಬ ಎರಡರ ಜೊತೆಗೆ 'ನೋಡಲಿಲ್ಲ' ಎಂಬ ಮೂರನೆಯ ಉತ್ತರಕ್ಕೂ ಕಡತದಲ್ಲಿ ಸ್ಥಳವಿರಲಿ. ಅದನ್ನು ಹೇಳಲು ಯಂತ್ರಕ್ಕೆ ಸಂಕೋಚವಿಲ್ಲ. ಹೇಳಿಸುವ ಹೊಣೆ ನಮ್ಮದು.